ಬೀರೇಶ ಹತ್ತದ ಮರಗಳು

ಹಗರೆಯ ಜನ ಆರು ವರ್ಷ ಬೀರೇಶನನ್ನು ‘ಸಸಿ ಕಳ್ಳ’ ಎಂದು ಕರೆದರು. ಎದುರಿಗೆ ಕರೆದವರು ಕಡಿಮೆ, ಬೆನ್ನ ಹಿಂದೆ ಕರೆಯದವರೇ ಇರಲಿಲ್ಲ. ನ್ಯಾಯವಾಗಿ ಆ ಹೆಸರು ನನಗೆ ಬರಬೇಕಾಗಿತ್ತು. ಬರಲಿಲ್ಲ, ಏಕೆಂದರೆ ನಾನು ಹಣೆ ತುಂಬ ವಿಭೂತಿ ಬಳಿದುಕೊಂಡು, ಹೆಗಲಿಗೆ ಶಲ್ಯ ಹಾಕಿಕೊಂಡು ಓಡಾಡುವ ಮನುಷ್ಯ. ಅಂಥವನ ಮೇಲೆ ಅನುಮಾನ ಹುಟ್ಟುವುದಕ್ಕೆ ನಮ್ಮ ಸೀಮೆಯಲ್ಲಿ ತುಂಬ ಕಾಲ ಹಿಡಿಯುತ್ತದೆ.

ನನ್ನ ಹೆಸರು ಚನ್ನಬಸವಯ್ಯ, ಊರು ಹಾರನಹಳ್ಳಿ. ಅರಸೀಕೆರೆಯ ಒಂದು ಕೊಬ್ಬರಿ ಮಂಡಿಯಲ್ಲಿ ಇಪ್ಪತ್ತು ವರ್ಷ ಗುಮಾಸ್ತನಾಗಿದ್ದವನು. ನನ್ನದು ದುಂಡು ಅಕ್ಷರ. ಲಗ್ನಪತ್ರಿಕೆ ಬರೆಸಲು ಜನ ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು, ನಾನೂ ಅದಕ್ಕೆ ಬೀಗುತ್ತಿದ್ದೆ. ಆದದ್ದೆಲ್ಲ ಆ ಅಕ್ಷರದಿಂದಲೇ ಆಯಿತು. ಇರಲಿ, ಮೊದಲು ಬೀರೇಶನ ವಿಷಯ ಹೇಳುತ್ತೇನೆ. ನನ್ನ ಪುರಾಣ ಯಾರಿಗೆ ಬೇಕಾಗಿದೆ.

ಅವನು ಬೇಲೂರು ಕಡೆಯ ಹಗರೆಯವನು. ಅಪ್ಪನಿಗೆ ಎರಡೆಕರೆ ಹೊಲ, ಡೈರಿಗೆ ಹಾಲು ಹಾಕಲು ಮೂರು ಹಸು. ಓದು ಏಳನೆಯ ಕ್ಲಾಸಿಗೆ ನಿಂತಿತು. ತೆಂಗಿನ ಮರ ಹತ್ತುವುದನ್ನು ಸೋದರಮಾವನಿಂದ ಕಲಿತು, ಅರಸೀಕೆರೆ ಸೀಮೆಯ ತೋಟಗಳಿಗೆ ಕಾಯಿ ಕೀಳಲು ಬರುತ್ತಿದ್ದ. ಸಣಕಲು ಆಳು. ನೆಲದ ಮೇಲೆ ನಡೆಯುವಾಗ ತುಸು ಓಲಾಡುತ್ತಿದ್ದ, ಮರದ ಮೇಲೆ ಮಾತ್ರ ಅವನಷ್ಟು ನೆಟ್ಟಗೆ ಯಾರೂ ನಿಲ್ಲುತ್ತಿರಲಿಲ್ಲ.

“ಏನ್ಲಾ ಬೀರೇಶ, ನಿಂಗೆ ನೆಲ ಆಗಿಬರಲ್ವೇನ್ಲಾ?” ಎಂದು ನಾನು ಒಮ್ಮೆ ಕೆಣಕಿದ್ದೆ.

“ನೆಲದ್ ಮ್ಯಾಲೆ ಜನ ಜಾಸ್ತಿ ಅಯ್ನೋರೆ,” ಎಂದಿದ್ದ.

ಬಿತ್ತನೆಗೆ ಬೇಕಾದ ಕಾಯಿಯನ್ನು ಅವನು ಎಂದೂ ಮೇಲಿನಿಂದ ಕೆಡವಿದವನಲ್ಲ. ಬಿದ್ದ ಪೆಟ್ಟಿಗೆ ಒಳಗಿನ ಮೊಳಕೆ ನೋಯುತ್ತದೆ ಎನ್ನುತ್ತಿದ್ದ. ಗೊನೆಗೆ ಹಗ್ಗ ಕಟ್ಟಿ, ನಿದ್ದೆ ಹೋದ ಕೂಸನ್ನು ಮಲಗಿಸುವಷ್ಟು ನಿಧಾನವಾಗಿ ಇಳಿಸುತ್ತಿದ್ದ. ಇಳಿದ ಮೇಲೆ ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದ. ನೀರಿನ ಸದ್ದು ಸರಿಯಿಲ್ಲದ ಕಾಯಿ ಪಕ್ಕಕ್ಕೆ ಹೋಗುತ್ತಿತ್ತು. ದಿನಕ್ಕೆ ಎಷ್ಟು ಮರ ಹತ್ತಿದೆ ಎಂದು ಅವನನ್ನು ಕೇಳಬೇಕಾಗಿರಲಿಲ್ಲ. ಯಾವ ಮರದಲ್ಲಿ ಎಷ್ಟು ಗೊನೆಯಿತ್ತು, ಯಾವುದರಲ್ಲಿ ಕೆಂಜಿಗ ಕಚ್ಚಿತು ಎನ್ನುವುದನ್ನೂ ಸೇರಿಸಿ ಒಪ್ಪಿಸುತ್ತಿದ್ದ.

ಸಾವಿರದ ಒಂಬೈನೂರ ತೊಂಬತ್ತೆಂಟರಲ್ಲಿ ನನ್ನ ಹೆಂಡತಿ ಕಮಲಾಕ್ಷಮ್ಮನ ಅಣ್ಣನ ಮಗ ಶರತ್ಚಂದ್ರ ಬೆಂಗಳೂರಿನಲ್ಲಿ ಕೃಷಿ ಓದಿ ಅರಸೀಕೆರೆಗೆ ವಾಪಸಾದ. ಜೊತೆಗೆ ದೇವೇಂದ್ರ ಎನ್ನುವ ಗೆಳೆಯನನ್ನು ಕರೆತಂದ. ಇಬ್ಬರೂ ಸೇರಿ ‘ತಾಯಿಮರ’ ಎನ್ನುವ ಕಂಪನಿ ಶುರು ಮಾಡಿದರು. ಒಳ್ಳೆಯ ಫಸಲು ಕೊಡುವ ತೆಂಗಿನ ಮರಗಳನ್ನು ಆರಿಸುವುದು, ಅವುಗಳ ಕಾಯಿಯಿಂದಲೇ ಸಸಿ ಮಾಡುವುದು, ಪ್ರತಿ ಸಸಿಗೂ ಅದರ ತಾಯಿ ಮರದ ನಂಬರಿನ ತಗಡಿನ ಬಿಲ್ಲೆ ಕಟ್ಟಿ ಮಾರುವುದು. ನಾಲ್ಕನೆಯ ವರ್ಷಕ್ಕೆ ಹೊಂಬಾಳೆ ಗ್ಯಾರಂಟಿ ಎಂದು ಕರಪತ್ರ ಹಂಚಿದರು. ಅರಸೀಕೆರೆ ಜನ ಬಾಯಿ ಬಿಟ್ಟುಕೊಂಡು ನೋಡಿದರು. ತೆಂಗಿನ ಸಸಿಗೂ ಜಾತಕ ಬರೆದುಕೊಡುತ್ತಾರಂತೆ ಎಂದು ನಕ್ಕರು, ಆಮೇಲೆ ಸಾಲಾಗಿ ಬಂದು ಬುಕ್ ಮಾಡಿದರು.

ಮರ ಹತ್ತಲು ಬೀರೇಶನನ್ನು ಸೇರಿಸಿದವನು ನಾನು. ಜಾತಕ ಬರೆಯಲು ನನ್ನನ್ನು ಸೇರಿಸಿದವನು ಶರತ್. ಇನ್ನೂರ ಹನ್ನೆರಡು ಮರಗಳಿಗೆ ಬಿಳಿ ಪಟ್ಟಿ ಬಳಿದು ನಂಬರು ಹಾಕಿದೆವು. ಯಾವ ದಿನ, ಯಾವ ಮರದಿಂದ, ಎಷ್ಟು ಕಾಯಿ ಎಂದು ನಾನು ರಿಜಿಸ್ಟರಿನಲ್ಲಿ ಬರೆಯುತ್ತಿದ್ದೆ, ಪಕ್ಕದಲ್ಲಿ ಬೀರೇಶ ನಾಲಿಗೆ ಕಚ್ಚಿಕೊಂಡು ಸಹಿ ಮಾಡುತ್ತಿದ್ದ. ಮೊದಲ ವರ್ಷ ಆ ಪುಸ್ತಕದಲ್ಲಿ ಒಂದೇ ಒಂದು ಸುಳ್ಳಿರಲಿಲ್ಲ. ಇದನ್ನು ಹೇಳಲೇಬೇಕು, ನನ್ನ ಬದುಕಿನಲ್ಲಿ ಹೆಮ್ಮೆಪಡುವಂಥ ಪುಸ್ತಕ ಅದೊಂದೇ.

ಎರಡನೆಯ ವರ್ಷ ಬೇಲೂರು, ಹಳೇಬೀಡು, ಹಗರೆ ಕಡೆಯಿಂದ ಬೇಡಿಕೆ ಬಂತು. ಆಲೂಗಡ್ಡೆ ಬೆಳೆದು ಬೇಸತ್ತವರು ತೆಂಗು ಹಾಕುತ್ತೇವೆಂದು ಹೊರಟಿದ್ದರು. ಇನ್ನೂರ ಹನ್ನೆರಡು ಮರ ಎಷ್ಟೆಂದು ಹಡೆಯುತ್ತವೆ? ಎರಡು ಸಾವಿರದ ಇಸವಿಯ ಬೇಸಿಗೆಯಲ್ಲಿ ಒಂದು ದಿನ ನರ್ಸರಿಗೆ ಲಾರಿಯಲ್ಲಿ ಕಾಯಿ ಬಂದು ಸುರಿಯಿತು. ಎಲ್ಲಿಯದೆಂದು ಕೇಳಿದೆ.

“ಮಂಡಿದು ಮಾವ. ಕಾಯಿ ಎಲ್ಲಾ ಒಂದೇ ಅಲ್ವಾ? ಟೆನ್ಷನ್ ಮಾಡ್ಕೋಬೇಡಿ, ಬುಕ್ಕಲ್ಲಿ ಅಡ್ಜಸ್ಟ್ ಮಾಡಿ,” ಎಂದ ಶರತ್.

ಅಡ್ಜಸ್ಟ್ ಮಾಡಿದೆ. ಮಾಡಬಾರದಿತ್ತು ಎಂದು ಬರೆಯಲು ಈಗ ಏನೂ ಖರ್ಚಿಲ್ಲ. ಆಗ ನನಗೆ ಅನಿಸಿದ್ದು ಇಷ್ಟೇ: ಹೆಂಡತಿಯ ತವರಿನ ಹುಡುಗ, ಮುಂದೆ ಬರುತ್ತಿದ್ದಾನೆ, ಊರ ಉಸಾಬರಿ ನನಗೇಕೆ. ಮಂಡಿಯ ಕಾಯಿಗಳನ್ನು ನಮ್ಮ ಮರಗಳ ಲೆಕ್ಕಕ್ಕೆ ಹಂಚಿದೆ. ಸಹಿಗೆ ತೊಂದರೆಯಿರಲಿಲ್ಲ. ನರ್ಸರಿಗೂ ಅವನು ಹತ್ತುವ ತೋಟಗಳಿಗೂ ದೂರವಿದ್ದುದರಿಂದ ತಿಂಗಳ ಮೊದಲ ದಿನವೇ ಅಷ್ಟೂ ಖಾಲಿ ಹಾಳೆಗಳಿಗೆ ಬೀರೇಶನಿಂದ ಸಹಿ ಹಾಕಿಸಿಕೊಂಡುಬಿಡುತ್ತಿದ್ದೆ. “ನೀವ್ ಬರ್ಯೋ ಪುಸ್ತಕಕ್ಕೆ ನಾನೇನ್ ನೋಡೋದು ಅಯ್ನೋರೆ,” ಎಂದು ಅವನು ಸಹಿ ಎಳೆದು ಹೋಗುತ್ತಿದ್ದ.

ಆ ವರ್ಷ ಯುಗಾದಿ ಕಳೆದ ಮೇಲೆ ಅವನಿಗೆ ಕಾಮಾಲೆಯಾಯಿತು. ಒಂದೂವರೆ ತಿಂಗಳು ಹಗರೆಯ ಮನೆಯಲ್ಲಿ ಮಲಗಿದ. ನಮ್ಮಲ್ಲಿ ಕಾಮಾಲೆಗೆ ಯಾರೂ ಆಸ್ಪತ್ರೆಗೆ ಹೋಗುವುದಿಲ್ಲ, ಸೊಪ್ಪಿನ ರಸ ಕೊಡುವವರ ಹತ್ತಿರ ಹೋಗಿ ಪಥ್ಯ ಮಾಡುತ್ತಾರೆ. ಅವನೂ ಹಾಗೆಯೇ ಮಾಡಿದ. ನಾನು ಒಂದು ಭಾನುವಾರ ಎಳನೀರು ತೆಗೆದುಕೊಂಡು ಹೋಗಿ ನೋಡಿ ಬಂದೆ. ಕಣ್ಣು ಅರಿಶಿನವಾಗಿತ್ತು. ಅವನ ಹೆಂಡತಿ ಭಾನುಪ್ರಿಯಾ ಉಪ್ಪಿಲ್ಲದ ಗಂಜಿ ಕುಡಿಸುತ್ತಿದ್ದಳು. ಅಲ್ಲಿಂದ ಬಂದು ಸೋಮವಾರ ಬೆಳಿಗ್ಗೆ, ಅವನು ಆ ವಾರ ಹದಿನಾಲ್ಕು ಮರ ಹತ್ತಿದನೆಂದು ನಾನೇ ಬರೆದೆ. ಬರೆಯುವಾಗ ಕೈ ನಡುಗಿತು ಎಂದೆಲ್ಲ ಹೇಳಿದರೆ ಅದೂ ಸುಳ್ಳಾಗುತ್ತದೆ.

ಕಾಯಿ ಸಸಿಯಾಗಿ ಮಾರಾಟಕ್ಕೆ ಬಂದದ್ದು ಎರಡು ಸಾವಿರದ ಒಂದರ ಮುಂಗಾರಿಗೆ. ಹಗರೆಯವರನ್ನು ಕರೆತಂದವನು ಬೀರೇಶನೇ. “ನಾನ್ ಹತ್ತಿರೋ ಮರದ್ ಕಾಯಿ, ನಂಬಿ ಹಾಕ್ರಿ,” ಎಂದು ಹೇಳಿ ಇಪ್ಪತ್ತೆರಡು ಮನೆಗಳಿಗೆ ಸಸಿ ಕೊಡಿಸಿದ. ತನ್ನ ಹೊಲಕ್ಕೂ ನೆಟ್ಟ. ಮಳೆ ಹಿಡಿದ ಮೇಲೆ ಚಿಕ್ಕಪ್ಪ ಪುಟ್ಟಸ್ವಾಮಿಯ ಹೊಲದಲ್ಲಿ ಗುಂಡಿ ಮುಚ್ಚುತ್ತಿದ್ದಾಗ ಒಂದು ಸಸಿಯ ಬಿಲ್ಲೆ ನೋಡಿದನಂತೆ. ನೂರ ಹದಿನೇಳು ಎಂದಿತ್ತು. ನೂರ ಹದಿನೇಳನೆಯ ಮರಕ್ಕೆ ಎರಡು ವರ್ಷದ ಹಿಂದೆಯೇ ಸಿಡಿಲು ಬಡಿದಿತ್ತು. ಒಣಗಿದ ಬೊಡ್ಡೆಯನ್ನು ಕಡಿದು ಹಾಕಿದವನು ಅವನೇ. ನಂಬರು ಹಂಚುವ ಭರದಲ್ಲಿ ನಾನು ಸತ್ತ ಮರಕ್ಕೂ ಮಕ್ಕಳನ್ನು ಕೊಟ್ಟಿದ್ದೆ.

ಮರುದಿನ ಮೊದಲ ಬಸ್ಸಿಗೆ ಬಂದು ರಿಜಿಸ್ಟರ್ ತೆಗೆಸಿದ. ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುವವನು, ಎರಡು ಗಂಟೆ ಕೂತು ಓದಿದ. ನಾನು ಎದುರಿಗೆ ಪೆನ್ನು ಹಿಡಿದುಕೊಂಡು ಏನೋ ಗೀಚುತ್ತಿದ್ದೆ.

“ಅಯ್ನೋರೆ, ಈ ತಿಂಗ್ಳು ನಾನು ಹಾಸಿಗೆ ಮ್ಯಾಲಿದ್ದೆ,” ಎಂದ ಕೊನೆಗೆ. “ಇಲ್ಲಿ ಅರವತ್ತೊಂದು ಮರ ಹತ್ತಿವ್ನಿ ಅಂತ ಐತೆ. ಸಯಿ ನಂದೇಯ.”

“ಸುಮ್ನಿರೋ ಮಾರಾಯ. ಕಂಪನಿ ಅಂದ್ಮೇಲೆ ಇರ್ತದೆ ಇವೆಲ್ಲಾ.”

“ನಮ್ಮೋರು ಹೊಲಕ್ಕೆ ಹಾಕವ್ರೆ. ತೆಂಗು ಅಂದ್ರೆ ಒಂದ್ ವರ್ಸದ್ ರಾಗಿನಾ, ತಪ್ಪಾದ್ರೆ ಕಿತ್ತು ಮತ್ತೆ ಬಿತ್ತಕ್ಕೆ? ಗೊತ್ತಾಗಾದೇ ಆರ್ ವರ್ಸ ಆದ್ಮೇಲೆ. ಈಗ್ಲೇ ಹೇಳ್ಬಿಟ್ರೆ ಬೇರೆ ಸಸಿನಾದ್ರೂ ಹಾಕ್ಕತಾರೆ. ನಾನು ತೋಟಗಾರಿಕೆ ಇಲಾಖೆಗೆ ಅರ್ಜಿ ಕೊಡ್ತೀನಿ. ನೀವು ಬರ್ಕೊಡಿ.”

ಅವನಿಗಿದ್ದದ್ದು ಸರಿಯಾದ ಬುದ್ಧಿ. ಆ ದಿನವೇ ಅರ್ಜಿ ಕೊಟ್ಟಿದ್ದರೆ ಆ ವರ್ಷ ಹೊಸದಾಗಿ ತರಿಸಿದ ಮಂಡಿಯ ಕಾಯಿ ಇನ್ನೂ ಮಡಿಗಳಲ್ಲೇ ಇರುತ್ತಿತ್ತು, ಬಂದವರು ಕಣ್ಣಾರೆ ನೋಡುತ್ತಿದ್ದರು. ಕೆಡಿಸಿದವನು ನಾನು. ಎಲ್ಲ ಬಲ್ಲವನಂತೆ ಉಪದೇಶ ಮಾಡಿದೆ: “ಮನೆ ಹಿರಿಯರಿಗೆ ಒಂದು ಮಾತು ಹೇಳದೆ ಸರ್ಕಾರಕ್ಕೆ ಹೋಗೋದು ಮರ್ಯಾದೆಯಲ್ಲ ಕಣೋ. ಮೊದ್ಲು ನಮ್ಮ ಭಾವನ ಹತ್ರ ಹೋಗೋಣ.”

ನಮ್ಮ ಭಾವ ಏಕಾಂತಯ್ಯ, ಶರತ್‌ನ ಅಪ್ಪ. ತೆಂಗಿನ ತೋಟದ, ಕೊಬ್ಬರಿ ಮಂಡಿಯ ಯಜಮಾನ, ಮಠದ ಕೆಲಸಗಳಲ್ಲಿ ಮುಂದೆ ನಿಲ್ಲುವವರು. ಸೋಮವಾರ ಪೂಜೆ ಮುಗಿಸಿ ಜಗಲಿಯ ಮೇಲೆ ಕೂತರೆ ಅಣ್ಣತಮ್ಮಂದಿರ ಜಗಳ, ಬದುವಿನ ಜಗಳ ಎಲ್ಲ ಅಲ್ಲೇ ತೀರುತ್ತಿದ್ದವು. ಅಲ್ಲೊಂದು ಕಟ್ಟಳೆ. ದೂರು ತಂದವನು ಮೊದಲು ತನ್ನ ತಪ್ಪು ಹೇಳಿಕೊಳ್ಳಬೇಕು, ಆಮೇಲೆ ಎದುರಿನವನದು. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿರುವಾಗ ಪಕ್ಕದ ಎಲೆಯ ನೊಣ ತೋರಿಸಬಾರದು ಎಂದು ಭಾವ ಹೇಳುತ್ತಿದ್ದರು. ನನಗೂ ಆ ಕಟ್ಟಳೆಯ ಮೇಲೆ ತುಂಬ ಗೌರವವಿತ್ತು. ಎಷ್ಟೋ ಜಗಳಗಳು ಅದರಿಂದಲೇ ತಣ್ಣಗಾದದ್ದನ್ನು ಕಂಡಿದ್ದೆ.

ಬೀರೇಶ ಜಗಲಿಯ ಕೆಳಗೆ ಕೈಕಟ್ಟಿ ನಿಂತು ಎಲ್ಲ ಹೇಳಿದ. ಭಾವ ಅವನಿಗೆ ಒಂದು ಲೋಟ ಹಾಲು ಕೊಡಿಸಿದರು. ಕಣ್ಣುಮುಚ್ಚಿ ಕೇಳಿದರು. “ನನ್ನ ಮಗನೇ ಆದ್ರೂ ತಪ್ಪು ತಪ್ಪೇ ಕಣಪ್ಪ. ನೀನು ಹೇಳಿದ್ದನ್ನ ಒಂದು ಕಾಗದದಲ್ಲಿ ಬರೆಸಿ ಕೊಡು, ಕರೆದು ಕೇಳ್ತೀನಿ,” ಎಂದರು. ಅವರು ಆಗಲೇ ಕುತಂತ್ರ ಮಾಡಿದ್ದರೋ, ನಿಜವಾಗಿ ಮಗನನ್ನು ಕೇಳಬೇಕೆಂದಿದ್ದರೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಕಾಗದ ಬರೆದವನು ನಾನು. ಕಟ್ಟಳೆಯ ಪ್ರಕಾರವೇ ಬರೆದೆ. ‘ನಾನು ತಾಯಿ ಮರಗಳನ್ನು ಹತ್ತದೆಯೇ ಹತ್ತಿದ್ದೇನೆಂದು ಸಹಿ ಮಾಡಿದ್ದೇನೆ. ಸತ್ತ ಮರದ ಲೆಕ್ಕಕ್ಕೂ ಸಹಿ ಮಾಡಿದ್ದೇನೆ. ನನ್ನ ಮಾತು ನಂಬಿ ಹಗರೆಯ ಇಪ್ಪತ್ತೆರಡು ಮನೆಯವರು ಸಸಿ ತೆಗೆದುಕೊಂಡಿದ್ದಾರೆ. ಇದು ನನ್ನ ದೊಡ್ಡ ತಪ್ಪು, ಹೊಟ್ಟೆಗೆ ಹಾಕಿಕೊಳ್ಳಬೇಕು.’ ಇಷ್ಟು ಆದ ಮೇಲೆ ಕೆಳಗೆ, ಮಂಡಿಯಿಂದ ಕಾಯಿ ತರಿಸಿದ್ದು ಕಂಪನಿಯ ಯಜಮಾನರು ಎಂದು ಮೆತ್ತಗೆ ಎರಡು ಸಾಲು. ರಿಜಿಸ್ಟರ್ ಬರೆದವರು ಯಾರು ಎನ್ನುವುದನ್ನು ಬರೆಯಲಿಲ್ಲ. ಬೀರೇಶನೂ ಬರೆಯಿರಿ ಎನ್ನಲಿಲ್ಲ. ನನ್ನ ಮುಖ ನೋಡಿ ಬಿಟ್ಟಿರಬೇಕು. ಸಹಿ ಮಾಡಿ ಭಾವನ ಕೈಗೆ ಕೊಟ್ಟು ಬಂದ.

ಎಂಟು ದಿನದಲ್ಲಿ ಮಡಿಗಳಲ್ಲಿದ್ದ ಮಂಡಿ ಕಾಯಿ ಮಾಯವಾಯಿತು. ಒಂಬತ್ತನೆಯ ದಿನ, ನಾಳೆಯಿಂದ ಬರಬೇಡ ಎಂದು ಬೀರೇಶನಿಗೆ ದೇವೇಂದ್ರ ಹೇಳಿದ. ಆಗ ಬೀರೇಶ ಬೇಲೂರಿನಲ್ಲಿ ಯಾರಿಂದಲೋ ಅರ್ಜಿ ಬರೆಸಿ ಇಲಾಖೆಗೆ ರಿಜಿಸ್ಟರ್ಡ್ ಪೋಸ್ಟ್ ಮಾಡಿದ. ಅದಕ್ಕೆ ಉತ್ತರ ಬರುವ ಮೊದಲೇ ಕಂಪನಿ ಕಡೆಯಿಂದ ಅವನ ಮನೆಗೆ ವಕೀಲರ ನೋಟಿಸು ಬಂತು. ಸುಳ್ಳು ದೂರು ಕೊಟ್ಟು ಕಂಪನಿಯ ಮಾನ ಕಳೆದಿದ್ದಾನೆ. ಹೊರಗಿನ ಕಾಯಿ ತಂದುಹಾಕಿ ತಾಯಿ ಮರದ್ದೆಂದು ಸಹಿ ಮಾಡಿ ವಂಚಿಸಿದ್ದಾನೆ. ಇದನ್ನು ಅವನೇ ಬರೆದು ಒಪ್ಪಿಕೊಂಡಿದ್ದಾನೆ. ಕಡೆಯಲ್ಲಿ ಆ ಕಾಗದದ ಜೆರಾಕ್ಸ್ ಪ್ರತಿ ಲಗತ್ತಿಸಿದ್ದರು, ನನ್ನ ದುಂಡು ಅಕ್ಷರದಲ್ಲಿ. ಜೊತೆಗೆ ಪೊಲೀಸಿಗೂ ದೂರು ಹೋಗಿತ್ತು.

ಅವನ ಹತ್ತಿರವಿದ್ದ ಒಂದೊಂದು ಸಾಕ್ಷಿಯೂ ಅವನಿಗೇ ತಿರುಗಿ ಬೀಳುತ್ತಿತ್ತು. ಸತ್ತ ಮರವಿದೆ ಎಂದರೆ, ಅದನ್ನು ಹತ್ತಿದೆನೆಂದು ಸಹಿ ಮಾಡಿದವನು ನೀನೇ. ಕಾಮಾಲೆಯಲ್ಲಿ ಮಲಗಿದ್ದೆ ಎಂದರೆ, ಆಸ್ಪತ್ರೆಯ ಚೀಟಿ ಎಲ್ಲಿ? ಸೊಪ್ಪಿನ ರಸ ಕೊಟ್ಟ ಅಜ್ಜಿ ಆ ವರ್ಷವೇ ತೀರಿಕೊಂಡಿದ್ದಳು. ಅವನ ಕಡೆಯವರು ಎನ್ನಿಸಿಕೊಳ್ಳುವ ಮನೆಯವರು, ಊರವರನ್ನು ಬಿಟ್ಟರೆ ಅವನು ಮಲಗಿದ್ದನ್ನು ಕಣ್ಣಾರೆ ಕಂಡವನು, ಖಾಲಿ ಹಾಳೆಗೆ ಸಹಿ ಹಾಕಿಸಿದವನು, ಯಾರ ಮಾತಿಗೆ ಬರೆದೆನೆಂದು ಬಲ್ಲವನು, ಮೂರಕ್ಕೂ ನಾನೊಬ್ಬನೇ. ನಾನು ಬಾಯಿ ಬಿಟ್ಟರೆ ಅವನು ಉಳಿಯುತ್ತಿದ್ದ. ಅದು ನನಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಅರ್ಜಿಯ ಮೇಲೆ ಇಲಾಖೆಯವರು ವಿಚಾರಣೆಗೆ ಬರುವ ಎರಡು ದಿನ ಮುಂಚೆ ಕಂಪನಿಯ ವಕೀಲ ಷಡಕ್ಷರಪ್ಪ ನನ್ನನ್ನು ಮನೆಗೆ ಕರೆಸಿದರು. ಕಾಫಿ ಕೊಟ್ಟರು. ರಿಜಿಸ್ಟರನ್ನು ನನ್ನ ಮುಂದೆ ಬಿಚ್ಚಿಟ್ಟರು.

“ಅಕ್ಷರ ಬಹಳ ಚೆನ್ನಾಗಿದೆ ನಿಮ್ದು,” ಎಂದರು. “ಪ್ರತಿ ಹಾಳೆಲೂ ನಿಮ್ಮದೇ ಕೈ. ಸುಳ್ಳು ಅಂತ ಗೊತ್ತಿದ್ದೂ ಬರೆದೆ ಅಂತ ನೀವೇ ಹೇಳಿದ್ರೆ ನಕಲಿ ದಾಖಲೆ ಕೇಸು ಮೊದ್ಲು ನಿಮ್ಮ ಮೇಲೆ ಬೀಳುತ್ತೆ. ಅವನು ಹೇಳಿದ್ದನ್ನ ಬರ್ಕೊಂಡೆ ಅಂದ್ರೆ ನೀವು ಬರೀ ಗುಮಾಸ್ತರು. ನಾನೇನೂ ಹೇಳ್ಕೊಡಲ್ಲಪ್ಪ, ನೀವು ತಿಳಿದವ್ರು.”

ನಾನು ತಿಳಿದವನೇ. ಐವತ್ತೆರಡು ವಯಸ್ಸಿಗೆ ಪೊಲೀಸ್ ಜೀಪು ಹತ್ತಿ ಕೂರುವ ನನ್ನ ಚಿತ್ರ ಕಣ್ಣಮುಂದೆ ಬಂತು. ಲೋಟ ಖಾಲಿ ಮಾಡಿ ಎದ್ದೆ. ಮನೆಗೆ ಬಂದು ಕಮಲಾಕ್ಷಮ್ಮನಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು.

“ರೀ, ನಿಮಗೆ ಗೊತ್ತಿರೋದನ್ನ ಹೇಳಿ. ನಮ್ಮಣ್ಣನ ಮುಖ ನೋಡ್ಬೇಡಿ, ನನ್ನ ಮುಖಾನೂ ನೋಡ್ಬೇಡಿ,” ಎಂದಳು. ಇನ್ನೇನು ಬೇಕಿತ್ತು ನನಗೆ? ತವರಿನ ನೆಪವೂ ಕೈಬಿಟ್ಟು ಹೋಯಿತು. ಉಳಿದದ್ದು ನನ್ನ ಪುಕ್ಕಲುತನ ಒಂದೇ.

ವಿಚಾರಣೆ ನಡೆದದ್ದು ನರ್ಸರಿಯ ಆಫೀಸಿನಲ್ಲಿ. ಇಲಾಖೆಯಿಂದ ಬಂದ ಅಧಿಕಾರಿ ನಿಧಾನಸ್ಥರು. ಎಲ್ಲರಿಗೂ ಕುರ್ಚಿ ಹಾಕಿಸಿದರು, ಬೀರೇಶ ಮಾತ್ರ ಕೂರಲಿಲ್ಲ. ಶರತ್, ದೇವೇಂದ್ರ ಒಂದು ಕಡೆ. ಅಧಿಕಾರಿ ರಿಜಿಸ್ಟರ್ ತಿರುವಿ ನನ್ನ ಕಡೆ ನೋಡಿದರು.

“ಇದನ್ನ ಯಾರ ಮಾತಿನ ಮೇಲೆ ಬರೆದ್ರಿ?”

“ಬೀರೇಶ ಬಂದು ಹೇಳಿದ್ದನ್ನ ಬರ್ಕೊಂಡೆ ಸ್ವಾಮಿ.”

ಅಷ್ಟು ಸಲೀಸಾಗಿ ಬಂತು. ಬೀರೇಶ ನನ್ನ ಕಡೆ ತಿರುಗಿದ. ಸಿಟ್ಟಿರಲಿಲ್ಲ. ನಾನು ಏನನ್ನೋ ಮರೆತಿದ್ದೇನೆ, ನೆನಪು ಮಾಡಿಕೊಟ್ಟರೆ ಸರಿಹೋಗುತ್ತದೆ ಎನ್ನುವ ಹಾಗೆ ಕೇಳಿದ: “ಅಯ್ನೋರೆ, ಆ ತಿಂಗ್ಳು ನಂಗೆ ಕಾಮಾಲೆ ಆಗಿತ್ತು. ನೀವೇ ಬಂದಿದ್ರಿ. ಎಳ್ನೀರು ತಂದಿದ್ರಿ.”

ಅಧಿಕಾರಿ ನನ್ನನ್ನು ನೋಡಿದರು. “ಹೋಗಿದ್ರಾ?”

“ನೆನಪಿಲ್ಲ,” ಎಂದೆ.

ಅಧಿಕಾರಿ ಹೇಳಿಕೆ ಬರೆದುಕೊಂಡು ಓದಿ ಹೇಳಿದರು, ನಾನು ಸಹಿ ಮಾಡಿದೆ. ಹೊರಗೆ ಬಂದಾಗ ಶರತ್ ನನ್ನ ಭುಜ ತಟ್ಟಿದ. ಆ ಹುಡುಗನ ಕೈ ನನ್ನ ಮೇಲೆ ಬಿದ್ದಾಗ ಮೈಗೆ ಹೇಸಿಗೆ ಅಂಟಿದ ಹಾಗಾಯಿತು. ಅವನಿಗಿಂತ ನಾನು ಹೇಸಿಗೆ ಎನ್ನುವುದು ಒಂದು ಗಳಿಗೆ ತಡವಾಗಿ ಹೊಳೆಯಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನನ್ನದು ಒಂದು ಲೋಟ ಕಾಫಿಗೆ ಹೋಯಿತು.

ಆ ಸಂಜೆ ಕಮಲಾಕ್ಷಮ್ಮ ಏನಾಯಿತೆಂದು ಕೇಳಿದಳು. ಹೇಳಿದೆ. “ಬರೆದದ್ದು ಸುಳ್ಳು ಅಂತ ಗೊತ್ತಿತ್ತು. ಬಾಯಲ್ಲೂ ಅದೇ ಬರುತ್ತೆ ಅಂತ ಗೊತ್ತಿರ್ಲಿಲ್ಲ,” ಎಂದು ತಟ್ಟೆಗೆ ಮುದ್ದೆ ಹಾಕಿ ಒಳಗೆ ಹೋದಳು.

ಬೀರೇಶನ ಮೇಲೆ ವಂಚನೆ ಕೇಸಾಯಿತು. ಮೂರು ವರ್ಷ ವಾಯಿದೆಯ ಮೇಲೆ ವಾಯಿದೆ, ಹಗರೆಯಿಂದ ಅರಸೀಕೆರೆ ಕೋರ್ಟಿಗೆ ಎರಡು ಬಸ್ಸು. ಜಾಮೀನಿಗೆ ನಿಂತವನು ಚಿಕ್ಕಪ್ಪ ಪುಟ್ಟಸ್ವಾಮಿ. ಮರ ಹತ್ತುವ ಕೆಲಸಕ್ಕೆ ಅರಸೀಕೆರೆ ಸೀಮೆಯಲ್ಲಿ ಅವನನ್ನು ಕರೆಯುವವರಿಲ್ಲವಾದರು. ವಾಯಿದೆಯ ದಿನ ನಾನು ಸ್ಟೇಷನ್ ಕಡೆಯ ರಸ್ತೆಯಿಂದ ಸುತ್ತಿಹಾಕಿಕೊಂಡು ಪೇಟೆಗೆ ಹೋಗುತ್ತಿದ್ದೆ. ಎರಡು ಸಾವಿರದ ನಾಲ್ಕರಲ್ಲಿ ಸಾಕ್ಷಿ ಸಾಲದೆಂದು ಕೇಸು ಬಿದ್ದುಹೋಯಿತು. ಕಂಪನಿ ಅದಕ್ಕೂ ಮುಂಚೆಯೇ ಬಾಗಿಲು ಹಾಕಿತ್ತು. ದೇವೇಂದ್ರ ಎಲ್ಲಿಗೋ ಹೋದ. ಶರತ್ ಅಪ್ಪನ ಮಂಡಿಯಲ್ಲಿ ಕೂತ. ಅವನಿಗೆ ಏನೂ ಆಗಲಿಲ್ಲ, ಮೈ ಬಂತು.

ಸಸಿಗಳು ಮಾತ್ರ ಹಗರೆಯ ಹೊಲಗಳಲ್ಲಿ ಬೆಳೆಯುತ್ತಿದ್ದವು. ನಾಲ್ಕನೆಯ ವರ್ಷಕ್ಕೆ ಹೊಂಬಾಳೆ ಎಂದಿದ್ದರಲ್ಲ, ಐದಾಯಿತು, ಆರಾಯಿತು. ಕೆಲವು ಮರ ಬರೀ ಗರಿಯಾಗಿ ಎದ್ದವು. ಕೆಲವು ಹೊಂಬಾಳೆ ಬಿಟ್ಟರೂ ಕಾಯಿ ಕಚ್ಚಲಿಲ್ಲ. ಕೋರ್ಟು ಬಿಟ್ಟರೂ ಊರು ಬಿಡುತ್ತದೆಯೇ? ಕೊಡಿಸಿದವನು ಬೀರೇಶ, ಸಹಿ ಬೀರೇಶನದು, ತಪ್ಪು ಮಾಡಿದೆ ಎಂದು ಕಾಗದ ಬರೆದವನೂ ಬೀರೇಶ. ಜಾಮೀನಿಗೆ ನಿಂತಿದ್ದ ಪುಟ್ಟಸ್ವಾಮಿಯೇ ಅವನ ಜೊತೆ ಮಾತು ಬಿಟ್ಟ.

ಎರಡು ಸಾವಿರದ ಏಳರ ಮಾಘದಲ್ಲಿ ಬೇಲೂರಿಗೆ ಒಂದು ಮದುವೆಗೆ ಹೋಗುವಾಗ ಬಸ್ಸು ಹಗರೆಯಲ್ಲಿ ನಿಂತಿತು. ಏನು ಬುದ್ಧಿ ಬಂತೋ, ಇಳಿದುಬಿಟ್ಟೆ. ಬೀರೇಶ ಹಿತ್ತಲಲ್ಲಿ ಹಸುವಿಗೆ ಮೇವು ಕತ್ತರಿಸುತ್ತಿದ್ದ. ಕೂದಲು ನರೆತಿತ್ತು. ನನ್ನನ್ನು ನೋಡಿ ಕುಡುಗೋಲು ಕೆಳಗಿಟ್ಟು, “ಬನ್ನಿ ಅಯ್ನೋರೆ,” ಎಂದು ಚಾಪೆ ಹಾಸಿದ. ಭಾನುಪ್ರಿಯಾ ಒಳಗಿಂದ ನೋಡಿದವಳು ಹೊರಗೆ ಬರಲಿಲ್ಲ.

ನಾನು ಅತ್ತೆ. ಮುದುಕರ ಅಳು ನೋಡಲು ಚೆನ್ನಾಗಿರುವುದಿಲ್ಲ. ತಪ್ಪಾಯಿತು ಎಂದೆ, ಎರಡು ಮೂರು ಸಲ ಎಂದೆ. ಅವನು ಕೇಳಿಸಿಕೊಂಡ.

“ನಂಗ್ ಹೇಳಿ ಏನ್ ಮಾಡೀರಿ ಅಯ್ನೋರೆ. ನಂಗ್ ಗೊತ್ತಿರಾದೇ ಅಲ್ವಾ. ಅವ್ರಿಗೆ ಹೇಳಿ.” ಊರ ಕಡೆ ಕೈ ತೋರಿಸಿದ. “ಒಂದ್ ಕಾಗ್ದ ಬರ್ದು, ಅರಳಿಕಟ್ಟೆ ತಾವ ಓದ್ಬಿಡಿ. ನಂಗಿನ್ನೇನೂ ಬ್ಯಾಡ. ನಮ್ ಚಿಕ್ಕಪ್ಪ ಮಾತಾಡ್ಸಿದ್ರೆ ಸಾಕು.”

“ಬರೀತೀನಿ. ಬರುವ ಸೋಮವಾರ ಬರ್ದು ತರ್ತೀನಿ. ಹತ್ತು ಗಂಟೆ ಬಸ್ಸಿಗೆ,” ಎಂದೆ. ಹೇಳುವಾಗ ಮನಸ್ಸಿನಲ್ಲಿ ನಿಜವಾಗಿಯೂ ಅದೇ ಇತ್ತು. ಮದುವೆಯ ಊಟವನ್ನು ಹೊಟ್ಟೆ ತುಂಬ ಮಾಡಿದೆ.

ಭಾನುವಾರ ಕಾಗದ ಬರೆಯಲು ಕೂತೆ. ಮೂರು ಸಾಲು ಬರೆದ ಮೇಲೆ ಷಡಕ್ಷರಪ್ಪನ ಮಾತು ನೆನಪಾಯಿತು. ಅಧಿಕಾರಿಯ ಮುಂದೆ ಸುಳ್ಳು ಹೇಳಿಕೆ ಕೊಟ್ಟೆ ಎಂದು ನನ್ನ ಕೈಯಲ್ಲೇ ಬರೆದುಕೊಟ್ಟರೆ, ನಾಳೆ ಅದರ ಜೆರಾಕ್ಸ್ ಎಲ್ಲೆಲ್ಲಿಗೆ ಹೋಗುತ್ತದೋ. ಒಂದು ಕಾಗದ ಬೀರೇಶನಿಗೆ ಏನು ಮಾಡಿತೆಂದು ನನಗಿಂತ ಚೆನ್ನಾಗಿ ಬಲ್ಲವರಾರು? ಹರಿದು ಒಲೆಗೆ ಹಾಕಿದೆ. ಸೋಮವಾರ ಹೋಗಲಿಲ್ಲ. ಮೈಯಲ್ಲಿ ಸರಿಯಿಲ್ಲ ಎಂದು ಹೊದ್ದು ಮಲಗಿದೆ.

ಬುಧವಾರ ಬೆಳಿಗ್ಗೆ ಭಾನುಪ್ರಿಯಾ ಹಾರನಹಳ್ಳಿಯ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬಾ ಎಂದರೂ ಬರಲಿಲ್ಲ. ನನ್ನನ್ನು ನೋಡಲೂ ಇಲ್ಲ, ಕಮಲಾಕ್ಷಮ್ಮನಿಗೇ ಹೇಳಿದಳು.

“ಅಮ್ಮಾರೆ, ಅಯ್ನೋರು ಬಂದು ನಿಜ ಹೇಳ್ತಾರೆ ಅಂತ ನಮ್ಮೆಜಮಾನ್ರು ಮನೆಮನೆಗೋಗಿ ಕರ್ದ್ರು. ಸೋಮವಾರ ಇಪ್ಪತ್ತೆರಡು ಮನೆಯೋರೂ ಕಟ್ಟೆ ತಾವ ಬಂದ್ರು. ಹತ್ ಗಂಟೆ ಬಸ್ ನೋಡುದ್ರು, ಹನ್ನೆರಡ್ರ ಬಸ್ ನೋಡುದ್ರು. ಆಮ್ಯಾಕೆ ನಕ್ಕೊಂಡ್ ಎದ್ದೋದ್ರು. ಇನ್ನೊಂದ್ ಸುಳ್ಳು ಕಟ್ಟವ್ನೆ ಅಂದ್ರು. ಕೋರ್ಟಾಗೂ ನಮ್ಮೆಜಮಾನ್ರು ಹಿಂಗ್ ತಲೆ ತಗ್ಗಿಸ್ಕಂಡ್ ಕೂತಿರ್ಲಿಲ್ಲ. ಎಲ್ಡ್ ದಿನಾಯ್ತು, ಉಂಡಿಲ್ಲ.”

ಕಮಲಾಕ್ಷಮ್ಮ ನನ್ನ ಕಡೆ ತಿರುಗಿ ಕೇಳಿದಳು, “ಹೋಗ್ತೀರಾ?”

ನಾನು ಜ್ವರ ಎಂದೆ. ಇನ್ನೆರಡು ದಿನ ಬಿಟ್ಟು ಎಂದೆ. ಒಬ್ಬ ವಕೀಲರನ್ನು ಕೇಳಿಕೊಂಡು ಎಂದೆ. ಅವಳು ಕೇಳಿಸಿಕೊಳ್ಳುತ್ತಲೇ ಒಳಗೆ ಹೋಗಿ ಸೀರೆ ಬದಲಾಯಿಸಿ ಬಂದಳು. “ನಡಿಯಮ್ಮ, ನಾನ್ ಬರ್ತೀನಿ,” ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.

ಸಂಜೆ ಬಂದವಳು ಹಗರೆಯ ಮಾತೆತ್ತಲಿಲ್ಲ, ನಾನೂ ಕೇಳಲಿಲ್ಲ. ಅಲ್ಲಿ ನಡೆದದ್ದು ನನಗೆ ಗೊತ್ತಾದದ್ದು ತಿಂಗಳ ಮೇಲೆ, ಅರಸೀಕೆರೆ ಸಂತೆಯಲ್ಲಿ ಸಿಕ್ಕ ಪುಟ್ಟಸ್ವಾಮಿಯಿಂದ. ಅವಳು ಅರಳಿಕಟ್ಟೆಯ ಮುಂದೆ ನಿಂತು ಎಲ್ಲ ಹೇಳಿದಳಂತೆ. ಮಂಡಿಯಿಂದ ಕಾಯಿ ತರಿಸಿದವನು ತನ್ನ ಅಣ್ಣನ ಮಗ ಎಂದಳಂತೆ. ಬೀರೇಶ ಮಲಗಿದ್ದಾಗ ಎಳನೀರು ಕಟ್ಟಿಕೊಟ್ಟವಳು ತಾನೇ, ಎಲ್ಲ ಗೊತ್ತಿದ್ದೂ ಆರು ವರ್ಷ ಸುಮ್ಮನಿದ್ದೆ ಎಂದಳಂತೆ. ಪುಟ್ಟಸ್ವಾಮಿ ಅವತ್ತೇ ಬೀರೇಶನ ಮನೆಯಲ್ಲಿ ಕೂತು ಉಂಡನಂತೆ.

ಅಷ್ಟರಲ್ಲಿ ಯಾರೋ ಕೇಳಿದರಂತೆ, ಪುಸ್ತಕ ಬರೆದವರು, ವಿಚಾರಣೆಯಲ್ಲಿ ಸುಳ್ಳು ಹೇಳಿದವರು ಯಾರಮ್ಮ ಎಂದು. ನಮ್ಮ ಮನೆಗಳಲ್ಲಿ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಓಟಿನ ಚೀಟಿಗೆ, ರೇಷನ್ ಕಾರ್ಡಿಗೆ ಹೆಸರು ಕೇಳಿದಾಗಲೂ ಕಮಲಾಕ್ಷಮ್ಮ ಪಕ್ಕದವರಿಂದ ಹೇಳಿಸುತ್ತಿದ್ದಳು. ಕಟ್ಟೆಯ ಮೇಲಿದ್ದ ಹಿರಿಯರು, ಬಿಡಮ್ಮ, ನಮಗೆ ಗೊತ್ತಾಯ್ತು, ನೀನು ಹೇಳೋದು ಬೇಡ ಎಂದರಂತೆ. ಇವಳು ಬಿಡಲಿಲ್ಲವಂತೆ. ಸೆರಗು ಸರಿ ಮಾಡಿಕೊಂಡು, ಎಲ್ಲರಿಗೂ ಕೇಳುವ ಹಾಗೆ, ಹಾರನಹಳ್ಳಿ ಚನ್ನಬಸವಯ್ಯ ಎಂದಳಂತೆ.

ಮದುವೆಯಾಗಿ ಮೂವತ್ತೊಂದು ವರ್ಷ. ಅವಳ ಬಾಯಲ್ಲಿ ನನ್ನ ಹೆಸರು ಬಂದದ್ದು ಅದೊಂದೇ ಸಲ, ಅದೂ ನನಗೆ ಕೇಳಿಸಲಿಲ್ಲ.